ಬಣ್ಣದ ಕೆಳಗೆ ನಿಂತ ನೀರು

ಕಬ್ಬಿಗೆ ಹಾಕುವ ಪೊಟ್ಯಾಶ್ ಚೀಲಗಳನ್ನು ಹಿಂದಿನ ಸೀಟು ಮಡಚಿ ಹೇರಿಕೊಂಡು ಹೋಗುವ ಜೀಪು, ಓಮ್ನಿಗಳು ಚಿಕ್ಕೋಡಿ ಸೀಮೆಯ ಯಾವ ರಸ್ತೆಯಲ್ಲಾದರೂ ಕಾಣಸಿಗುತ್ತವೆ. ಚೀಲದ ಹೊಲಿಗೆಯಿಂದ ಉದುರಿದ ಹರಳು ಮ್ಯಾಟಿನ ಕೆಳಗೆ ಸೇರುತ್ತದೆ. ಅದನ್ನು ಯಾರೂ ಗುಡಿಸುವುದಿಲ್ಲ. ಆ ಹರಳು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಜಾತಿಯದೇ. ಗಾಳಿಯಲ್ಲಿ ತೇವ ಹೆಚ್ಚಾದಾಗ ತಾನೇ ನೀರು ಹೀರಿ ಕರಗಿ, ಬಣ್ಣದ ಸಣ್ಣ ಸೀಳಿನಿಂದ ತಗಡಿಗೆ ಇಳಿಯುತ್ತದೆ. ಯುರೋಪಿನಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದರಿಂದ ಅಲ್ಲಿಯ ಹಳೆಯ ಕಾರುಗಳು ತಳದಿಂದ ಕೊಳೆಯುತ್ತವೆ. ನಮ್ಮಲ್ಲಿ ಹಿಮವೂ ಇಲ್ಲ, ಸಮುದ್ರವೂ ಹತ್ತಿರವಿಲ್ಲ. ಆ ಕೆಲಸವನ್ನು ಸೊಸೈಟಿಯಿಂದ ತಂದ ಗೊಬ್ಬರ ಮಾಡುತ್ತದೆ.

ಇದರ ಜೊತೆಗೆ ಎರೆಮಣ್ಣು. ಚಕ್ರದ ಮೇಲಿನ ಕಮಾನಿನೊಳಗೆ ಮೆತ್ತಿಕೊಂಡ ಎರೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಹಸಿಯಾಗಿರುತ್ತದೆ. ಇನ್ನು ನದಿಗಳ ಮಾತು. 2005, 2019 ಮತ್ತು 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಯರು ದಂಡೆ ಮೀರಿದಾಗ ಯಡೂರು, ಕಲ್ಲೋಳ, ಕುಡಚಿ, ಜುಗೂಳದಂಥ ಊರುಗಳ ಜನ ಮೊದಲು ದನಗಳನ್ನು ಬಿಡಿಸಿಕೊಂಡು ಮೇಲೆ ಬಂದರು. ಗಾಡಿಗಳು ಎಷ್ಟೋ ಕಡೆ ಅಲ್ಲೇ ಉಳಿದವು. ನೀರು ಇಳಿದ ಮೇಲೆ ಎಂಜಿನ್ ತೊಳೆದರು, ಆಯಿಲ್ ಬದಲಿಸಿದರು, ಸೀಟು ಒಣಗಿಸಿದರು. ಬಾಗಿಲ ಕೆಳಗಿನ ಟೊಳ್ಳು ಪೆಟ್ಟಿಗೆಯೊಳಗೆ ಕೂತ ನುಣ್ಣನೆಯ ರಾಡಿಯನ್ನು ಮಾತ್ರ ಯಾರೂ ತೆಗೆಯಲಿಲ್ಲ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಹಳೆಯ ಗಾಡಿಯನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ಹುಮ್ಮಸ್ಸು ಈಗ ನಿಪ್ಪಾಣಿ, ಅಥಣಿಯ ಹುಡುಗರಲ್ಲೂ ಬಂದಿದೆ. ಅಪ್ಪನ ಕಾಲದ ಮಾರುತಿ 800, ಅಜ್ಜನ ಕಾಲದ ಮಹೀಂದ್ರಾ ಜೀಪು, ಎಲ್ಲೋ ಶೆಡ್ಡಿನ ಮೂಲೆಯಲ್ಲಿ ಕೋಳಿ ಕೂರುತ್ತಿದ್ದ ಪದ್ಮಿನಿ. ಹುಮ್ಮಸ್ಸು ಒಳ್ಳೆಯದೇ. ಆದರೆ ಹೆಚ್ಚಿನವರು ಬಣ್ಣದಿಂದ ಶುರು ಮಾಡುತ್ತಾರೆ: ಯಾವ ಬಣ್ಣ, ಮ್ಯಾಟ್ ಇರಲೋ ಗ್ಲಾಸಿ ಇರಲೋ, ಡಬ್ಬಕ್ಕೆ ಎಷ್ಟು. ನಾನು ಹೇಳುವುದಿಷ್ಟೇ: ಬಾಡಿ ಕೆಲಸವೆಂದರೆ ಆಕಾರ ಸರಿಪಡಿಸುವುದಕ್ಕಿಂತ ಹೆಚ್ಚಾಗಿ ನೀರಿನ ಲೆಕ್ಕ ಹಿಡಿಯುವ ಕೆಲಸ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೋಗಬೇಕಿತ್ತು ಎಂಬುದು ತಿಳಿಯದೆ ಹೊಡೆದ ಬಣ್ಣ ಎರಡು ಮಳೆಗಾಲ ಬಾಳುವುದಿಲ್ಲ.

ಗಾಡಿ ಯಾವುದು ಎಂಬುದರ ಮೇಲೆ ಕೈ ಎಷ್ಟು ಹಾಕಬಹುದು ಎಂಬುದು ನಿಂತಿದೆ. ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಆರಂಭಿಸಿದ್ದು 1947ರಲ್ಲಿ. ಆ ವಂಶದ ಜೀಪುಗಳ ಬಾಡಿ ಬಹುಪಾಲು ಚಪ್ಪಟೆ ತಗಡು, ನೇರ ಮಡಿಕೆ. ಕೆಳಗೆ ಬೇರೆಯೇ ಚಾಸಿ ಇದೆ. ಬಾಡಿ ಪೂರ್ತಿ ಕೊಳೆತರೂ ಬೋಲ್ಟ್ ಬಿಚ್ಚಿ ಎತ್ತಿಟ್ಟು ಸಾವಕಾಶವಾಗಿ ಕೆಲಸ ಮಾಡಬಹುದು. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಟ್ರ್ಯಾಕ್ಸ್, ಸುಮೋಗಳಿಗೂ ಚಾಸಿ ಬೇರೆಯೇ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರವರೆಗೆ ತಯಾರಾದ ಮಾರುತಿ 800 ಹಾಗಲ್ಲ. ಓಮ್ನಿ, ಪದ್ಮಿನಿ, ಅಂಬಾಸಿಡರ್‌ಗಳೂ ಅಲ್ಲ. ಅವುಗಳಲ್ಲಿ ಬಾಡಿಯೇ ಬೆನ್ನೆಲುಬು. ಬಾಗಿಲ ಕೆಳಗಿನ ಪೆಟ್ಟಿಗೆ, ಫ್ಲೋರ್ ಪತ್ರಾ, ಸಸ್ಪೆನ್ಷನ್ ಕೂರುವ ಗುಂಬಜ್, ಕಂಬಗಳು ಎಲ್ಲವೂ ಭಾರ ಹೊರುತ್ತವೆ. ಅಲ್ಲಿ ಕೊಳೆತಿದೆ ಎಂದರೆ ಚೆಂದ ಹಾಳಾಯಿತೆಂದಷ್ಟೇ ಅಲ್ಲ, ಅಪಘಾತದಲ್ಲಿ ಗಾಡಿ ಮಡಚಿಕೊಳ್ಳುತ್ತದೆ ಎಂದು ಅರ್ಥ. ಮಡ್‌ಗಾರ್ಡ್, ಬಾನೆಟ್, ಬಾಗಿಲ ಹೊರತಗಡು, ಡಿಕ್ಕಿ ಮುಚ್ಚಳ ಇವುಗಳಲ್ಲಿ ಮನೆಯಲ್ಲಿ ಕೈ ಪಳಗಿಸಿಕೊಳ್ಳಿ. ಭಾರ ಹೊರುವ ಭಾಗಗಳನ್ನು ಬಲ್ಲ ಮಿಸ್ತ್ರಿಗೆ ಬಿಡಿ.

ಮೊದಲ ಕೆಲಸ ಹುಡುಕುವುದು. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಬಾಡಿಯನ್ನು ಅಂಗುಲ ಅಂಗುಲ ಬಡಿಯುತ್ತ ಹೋಗಬೇಕು. ಗಟ್ಟಿ ತಗಡು ಖಣಖಣ ಅನ್ನುತ್ತದೆ, ಪುಟ್ಟಿ ತುಂಬಿದ ಜಾಗ ಡಬ್ ಅನ್ನುತ್ತದೆ. ತೆಳು ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ ಇದ್ದರೆ ಇನ್ನೂ ನಿಖರ; ಪುಟ್ಟಿ ದಪ್ಪವಾದಲ್ಲಿ ಅದು ಕಚ್ಚುವುದಿಲ್ಲ, ಜಾರುತ್ತದೆ. ಮಾರುತಿ 800 ಆದರೆ ಮುಂದಿನ ಸೀಟಿನವರ ಕಾಲಡಿ, ಬ್ಯಾಟರಿ ಕೂರುವ ತಟ್ಟೆ, ಮುಂಗಾಜಿನ ಬೀಡಿಂಗಿನ ಕೆಳಮೂಲೆಗಳು, ಬಾಗಿಲುಗಳ ತಳ, ಹಿಂಚಕ್ರದ ಕಮಾನಿನ ಅಂಚು, ಸ್ಟೆಪ್ನಿಯ ಕೆಳಗಿನ ಗುಂಡಿ. ಈ ಜಾಗಗಳೆಲ್ಲ ಒಂದೇ ಬಗೆಯವು: ಎರಡು ತಗಡು ಒಂದರ ಮೇಲೊಂದು ಕೂತಿವೆ, ಅಥವಾ ನೀರು ಹೋಗುವ ತೂತು ಕಟ್ಟಿದೆ. ಮೇಲೆ ಬಣ್ಣ ಗುಳ್ಳೆ ಎದ್ದಿದ್ದರೆ ಒಳಗಿನ ಜಂಗು ಆ ಗುಳ್ಳೆಯ ಮೂರು ನಾಲ್ಕು ಪಟ್ಟು ಹರಡಿರುತ್ತದೆ ಎಂದೇ ಲೆಕ್ಕ ಹಾಕಿ. ಕಬ್ಬಿಣಕ್ಕಿಂತ ಜಂಗು ಹೆಚ್ಚು ಜಾಗ ತಿನ್ನುವುದರಿಂದ ಅದು ಬಣ್ಣವನ್ನು ಒಳಗಿನಿಂದ ಎಬ್ಬಿಸುತ್ತದೆ. ಅಂದರೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನಿಂದ ತಗಡು ಸವೆದಾಗಿದೆ.

ಗಾಡಿಯನ್ನು ಇನ್ನೂ ಕೊಂಡಿಲ್ಲವಾದರೆ ಈ ಬಡಿದು ನೋಡುವ ಕೆಲಸ ವ್ಯವಹಾರದ ಮೊದಲೇ ಆಗಲಿ. ಕಾಗವಾಡ, ನಿಪ್ಪಾಣಿಯವರಿಗೆ ಕೊಲ್ಲಾಪುರ, ಸಾಂಗ್ಲಿ, ಮಿರಜ ಹತ್ತಿರ. ಎಂಎಚ್-09, ಎಂಎಚ್-10 ನಂಬರಿನ ಹಳೆಯ ಗಾಡಿಗಳು ಅಗ್ಗಕ್ಕೆ ಸಿಗುತ್ತವೆ. ಆ ನದಿಗಳು ಅಲ್ಲಿಂದಲೇ ಇಲ್ಲಿಗೆ ಬರುವುದು, ಮಹಾಪೂರ ಅಲ್ಲಿಯೂ ಅದೇ ವರ್ಷಗಳಲ್ಲಿ ಬಂದದ್ದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ಗೇಣುದ್ದವನ್ನು ನೋಡಿ: ಪೂರದಲ್ಲಿ ಮುಳುಗಿದ ಗಾಡಿಯಾದರೆ ಮಾಸಲು ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಮಾರಾಟಕ್ಕೆ ಮುನ್ನ ಹೊಸ ಬಣ್ಣ ಹೊಡೆಸಿದ ಗಾಡಿಯನ್ನು ನಾನಂತೂ ನಂಬುವುದಿಲ್ಲ. ಹಳೆಯ ಮಂಕು ಬಣ್ಣದ, ಗೀರು ಬಿದ್ದ ಗಾಡಿ ಅದಕ್ಕಿಂತ ಪ್ರಾಮಾಣಿಕ.

ಇನ್ನು ಜಂಗು ತೆಗೆಯುವುದು. ಇದರಲ್ಲಿ ನಮ್ಮ ಚಿಕ್ಕೋಡಿ ಸೀಮೆಗೆ ಒಂದು ಅನುಕೂಲವಿದೆ, ಅದು ಇಲ್ಲಿಯವರಿಗೇ ಗೊತ್ತಿಲ್ಲ. ಆಸ್ಟ್ರೇಲಿಯಾದಲ್ಲಿ ಹಳೆಯ ಕಾರು, ಟ್ರ್ಯಾಕ್ಟರ್ ರಿಪೇರಿ ಮಾಡುವವರು ಜಂಗು ಹಿಡಿದ ಬಿಡಿಭಾಗಗಳನ್ನು ಬಹುಕಾಲದಿಂದ ಮುಳುಗಿಸಿಡುವುದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯ ನೀರಿನಲ್ಲಿ. ಉಗಾರದಲ್ಲಿ ಎಷ್ಟೋ ದಶಕಗಳಿಂದ ಸಕ್ಕರೆ ಕಾರ್ಖಾನೆ ಇದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯಲ್ಲೂ ಒಂದಲ್ಲ ಒಂದು ಚಿಮಣಿ ಕಾಣುತ್ತದೆ. ಕಾಕಂಬಿಯ ಊರಲ್ಲಿ ಕೂತು ನಾವು ಜಂಗಿಗೆ ಆ್ಯಸಿಡ್ ಹುಡುಕುತ್ತೇವೆ. ಒಂದು ಪಾಲು ಕಾಕಂಬಿಗೆ ಎಂಟು ಹತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮು, ಒಂದೆರಡು ವಾರ ತಾಳ್ಮೆ. ಕಾಕಂಬಿಯಲ್ಲಿರುವ ಸಾವಯವ ಪದಾರ್ಥಗಳು ಜಂಗಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ. ಗಟ್ಟಿ ಉಕ್ಕಿಗೆ ಹೆಚ್ಚೇನೂ ಮಾಡುವುದಿಲ್ಲ. ಹೈಡ್ರೋಕ್ಲೋರಿಕ್ ಆ್ಯಸಿಡ್ ಒಂದು ಗಂಟೆಯಲ್ಲಿ ಮುಗಿಸುವ ಕೆಲಸ ಇದು, ನಿಜ; ಆದರೆ ಅದು ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ, ಅದರ ಹೊಗೆ ಶೆಡ್ಡಿನಲ್ಲಿದ್ದ ಪಾನಾ, ಸ್ಪ್ಯಾನರುಗಳಿಗೆಲ್ಲ ಜಂಗು ಹತ್ತಿಸುತ್ತದೆ, ಮೇಲಾಗಿ ಸಂದಿನಲ್ಲಿ ಉಳಿದ ಕ್ಲೋರೈಡ್ ಪೊಟ್ಯಾಶಿನ ಕೆಲಸವನ್ನೇ ಮುಂದುವರಿಸುತ್ತದೆ.

ಕಾಕಂಬಿಗೂ ಕಟ್ಟುಪಾಡುಗಳಿವೆ. ಅಲ್ಯುಮಿನಿಯಂ, ಸತುವಿನ ಎರಕದ ಭಾಗಗಳನ್ನು ಅದರಲ್ಲಿ ಹಾಕಬಾರದು, ಕರಗಿಸಿಬಿಡುತ್ತದೆ. ಬಾಗಿಲ ಕೀಲು, ಬಂಪರ್ ಬ್ರಾಕೆಟ್, ಗ್ರಿಲ್, ಉಕ್ಕಿನ ಡಿಸ್ಕ್, ಲಾಕಿನ ಕೊಂಡಿ ಇಂಥವಕ್ಕೆ ಸರಿ. ಇಡೀ ಬಾಗಿಲನ್ನು ಮುಳುಗಿಸಿದರೆ ಮಡಿಕೆಯೊಳಗೆ ಕಾಕಂಬಿ ನೀರು ಉಳಿದು ಹೊಸ ತಲೆನೋವು. ನಾಲ್ಕು ದಿನಕ್ಕೆ ಹುಳಿ ಬಂದು ನೊರೆ ಏಳುತ್ತದೆ, ವಾಸನೆಗೆ ಮನೆಯವರು ಬೈಯುತ್ತಾರೆ. ಮುಚ್ಚಳ ಹಾಕಿ ದನಗಳಿಂದ ದೂರ ಇಡಿ. ಕಾಕಂಬಿಯ ವಾಸನೆಗೆ ಅವು ಬಾಯಿ ಹಾಕದೆ ಬಿಡುವುದಿಲ್ಲ, ಹಳೆಯ ಬಣ್ಣದ ಚೂರು ಬಿದ್ದ ನೀರು ಅವಕ್ಕೆ ವಿಷ. ಕಾರ್ಖಾನೆಯ ಕಾಕಂಬಿ ಡಿಸ್ಟಿಲರಿಗೆ ಹೋಗುವ, ಅಬಕಾರಿ ಇಲಾಖೆಯ ಕಣ್ಣಿರುವ ಸರಕು, ಕ್ಯಾನು ಹಿಡಿದು ಗೇಟಿಗೆ ಹೋದರೆ ಕೊಡುವುದಿಲ್ಲ. ಪಶು ಆಹಾರಕ್ಕೆಂದು ಮಾರುವುದನ್ನು ಕೇಳಿ ಕೊಳ್ಳಬೇಕು. ಡ್ರಮ್ಮಿನಿಂದ ತೆಗೆದ ಭಾಗವನ್ನು ಕೂಡಲೇ ತೊಳೆದು, ಬಿಸಿಲಲ್ಲಿಟ್ಟು ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಬೇಕು. ಬರಿಮೈ ಉಕ್ಕು ರಾತ್ರಿ ಕಳೆಯುವುದರೊಳಗೆ ಮತ್ತೆ ಕೆಂಪಾಗುತ್ತದೆ.

ಬಿಚ್ಚಿ ಮುಳುಗಿಸಲಾಗದ ಭಾಗಗಳಿಗೆ ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಎಂಬ ದ್ರವ ಸಿಗುತ್ತದೆ. ಕೆಲವು ಫಾಸ್ಫಾರಿಕ್ ಆ್ಯಸಿಡ್ಡಿನವು, ಕೆಲವು ಟ್ಯಾನಿನ್‌ನವು. ಎರಡನೆಯದರ ರಸಾಯನಶಾಸ್ತ್ರವನ್ನು ಅಥಣಿಯ ಚಪ್ಪಲಿ ಕುಶಲಕರ್ಮಿಗಳಿಗೆ ಹೇಳಿಕೊಡಬೇಕಾಗಿಲ್ಲ. ಅಥಣಿ, ಮದಭಾವಿಯ ಕಡೆ ಕೊಲ್ಲಾಪುರಿ ಚಪ್ಪಲಿಯ ಚರ್ಮ ಹದ ಮಾಡುವುದು ಅಳಲೆಕಾಯಿ ಮತ್ತು ಜಾಲಿ ತೊಗಟೆಯ ಟ್ಯಾನಿನ್‌ನಿಂದ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಹೀಗೆ ಹದವಾದ ಹಸಿ ಚರ್ಮಕ್ಕೆ ಕಬ್ಬಿಣ ತಾಗಿದರೆ ನೀಲಿಗಪ್ಪು ಕಲೆ ಬೀಳುತ್ತದೆ, ಹೋಗುವುದಿಲ್ಲ. ಆ ಕಲೆಯೇ ಫೆರಿಕ್ ಟ್ಯಾನೇಟ್. ಜಂಗಿನ ಮೇಲೆ ಕನ್ವರ್ಟರ್ ಹಚ್ಚಿದಾಗ ಕೆಂಪು ಹೋಗಿ ಕಪ್ಪಾಗುವುದೂ ಅದೇ ಕಾರಣಕ್ಕೆ. ನೀರಿನಲ್ಲಿ ಕರಗದ ಆ ಕಪ್ಪು ಪದರ ಪ್ರೈಮರಿಗೆ ಹಿಡಿತ ಕೊಡುತ್ತದೆ. ಆದರೆ ಅದು ತೆಳು ಜಂಗಿಗೆ ಮಾತ್ರ. ಹಪ್ಪಳ ಹಪ್ಪಳವಾಗಿ ಏಳುವ ಜಂಗಿನ ಮೇಲೆ ಹಚ್ಚಿದರೆ ಮೇಲಿನ ಹಪ್ಪಳ ಕಪ್ಪಾಗುತ್ತದೆ, ಕೆಳಗೆ ಕೆಂಪು ಹಾಗೇ ಇರುತ್ತದೆ. ಮೊದಲು ವೈರ್ ಬ್ರಶ್ಶಿನಿಂದ ಉಜ್ಜಿ, ಪೊಟ್ಯಾಶ್ ಬಿದ್ದ ಫ್ಲೋರಾಗಿದ್ದರೆ ಸಿಹಿನೀರಿನಿಂದ ಎರಡು ಮೂರು ಸಲ ತೊಳೆದು, ಚೆನ್ನಾಗಿ ಒಣಗಿಸಿದ ನಂತರವೇ ಇದು.

ತೂತು ಬಿದ್ದಿದ್ದರೆ ಕತ್ತರಿಸಲೇಬೇಕು. ಎಲ್ಲಿಯವರೆಗೆ? ಹೊಳೆಯುವ, ಪೂರ್ತಿ ದಪ್ಪದ ತಗಡು ಸಿಗುವವರೆಗೆ. ಅಂಗೈಯಷ್ಟು ಕಂಡದ್ದು ಮೊಳದಷ್ಟಾಗುತ್ತದೆ, ಅಳಬಾರದು. ಕಾರಿನ ತಗಡು ಸುಮಾರು 0.7ರಿಂದ 0.8 ಮಿಲಿಮೀಟರ್ ಇರುತ್ತದೆ, ಹೊಸ ತುಂಡೂ ಅಷ್ಟೇ ದಪ್ಪದ್ದಾಗಿರಲಿ. ವೆಲ್ಡಿಂಗಿಗೆ ನಮ್ಮ ಕಡೆ ಜನ ಮೊದಲು ಹೋಗುವುದು ಕಬ್ಬಿನ ಟ್ರೇಲರ್ ಕಟ್ಟುವ ಅಂಗಡಿಗೆ. ಟ್ರೇಲರ್ ಕಟ್ಟುವವನ ಕೈ ಐದು ಮಿಲಿಮೀಟರ್ ಪ್ಲೇಟಿಗೆ ಒಗ್ಗಿದ ಕೈ, ಅವನ ಆರ್ಕ್ ರಾಡು ಕಾರಿನ ತಗಡಿಗೆ ತಾಗಿದರೆ ತೂತು ಮುಚ್ಚುವ ಬದಲು ದೊಡ್ಡದಾಗುತ್ತದೆ. ಅವನ ತಪ್ಪಲ್ಲ. ತೆಳು ತಂತಿಯ ಸಿಒಟು ವೆಲ್ಡಿಂಗ್ ಇರುವ, ಬಾಡಿ ಕೆಲಸವನ್ನೇ ಮಾಡುವ ಅಂಗಡಿ ಹುಡುಕಬೇಕು. ಮಷಿನ್ ಬಾಡಿಗೆಗೆ ತಂದು ನೀವೇ ಮಾಡುವುದಾದರೆ ಉದ್ದ ಗೆರೆ ಎಳೆಯಬೇಡಿ. ಒಂದು ಚುಕ್ಕೆ ಈ ತುದಿಗೆ, ಇನ್ನೊಂದು ಆ ತುದಿಗೆ, ಮೂರನೆಯದು ನಡುವೆ, ಪ್ರತಿ ಸಲ ತಣಿಯಲು ಬಿಟ್ಟು. ಶಾಖ ಒಂದೇ ಕಡೆ ಕೂಡಿದರೆ ತಗಡು ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಬ್ಯಾಟರಿ ಬಿಚ್ಚಿಡಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ, ಒಳಗಿನ ಮ್ಯಾಟು, ರೆಕ್ಸಿನ್ನು ತೆಗೆಯಿರಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಅದರೊಳಗಿರುವುದು ಆವಿ. ಬಾಗಿಲ ಕೆಳಗಿನ ಪೆಟ್ಟಿಗೆ ಕತ್ತರಿಸುವ ಮಿಸ್ತ್ರಿ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಪಟ್ಟಿ ಬೆಸೆಯುತ್ತಾನೋ ಇಲ್ಲವೋ ನೋಡಿಕೊಳ್ಳಿ. ಬೆಸೆಯದಿದ್ದರೆ ಗಾಡಿ ನಡುವೆ ಕುಸಿದು, ಆಮೇಲೆ ಬಾಗಿಲು ಹಾಕಲು ಬಾರದು. ಅಂಥ ಮಿಸ್ತ್ರಿಯ ಕೈಯಿಂದ ಗಾಡಿ ವಾಪಸ್ ತರುವುದೇ ಲಾಭ.

ಪಾಪ್ ರಿವೆಟ್ ಹೊಡೆದು ಮೇಲೊಂದು ತಗಡು ಕೂರಿಸುವ ರೂಢಿಯೂ ಇದೆ. ಜೀಪಿನವರಿಗಂತೂ ಹೊಳೆಯುವ ಅಲ್ಯುಮಿನಿಯಂ ಚೆಕ್ಕರ್ ಶೀಟಿನ ಹುಚ್ಚು. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ನಿಂತ ಜೀಪುಗಳ ಸಾಲು ನೋಡಿದರೆ ಗೊತ್ತಾಗುತ್ತದೆ. ಆ ಶೀಟಿನ ಕೆಳಗೆ ಸೇರಿದ ನೀರಿಗೆ ಹೊರಬರುವ ದಾರಿ ಇಲ್ಲ. ಮೇಲೆ ಬೆಳ್ಳಿಯಂತೆ ಹೊಳೆಯುತ್ತಿರುವಾಗ ಕೆಳಗೆ ಫ್ಲೋರ್ ಪುಡಿಯಾಗಿರುತ್ತದೆ. ಶೀಟು ಬೇಕೇ ಬೇಕೆಂದರೆ ಕೆಳಗೆ ರಬ್ಬರ್ ತುಂಡಿಟ್ಟು ಗಾಳಿಯಾಡುವಂತೆ ಬೋಲ್ಟ್ ಹಾಕಿ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಿರಿ.

ನೆಗ್ಗು ತೆಗೆಯುವ ವಿದ್ಯೆ ಓದಿ ಬರುವುದಿಲ್ಲ, ಆದರೂ ಒಂದೆರಡು ಸೂತ್ರ. ನೆಗ್ಗು ಬಿದ್ದಾಗ ತಗಡು ಹೊರಗಿನಿಂದ ಯಾವ ಕ್ರಮದಲ್ಲಿ ಮಡಚಿತೋ ಅದರ ಉಲ್ಟಾ ಕ್ರಮದಲ್ಲಿ ಬಿಡಿಸಬೇಕು. ಹೊಸಬರು ಮಾಡುವುದೇನು? ನಟ್ಟನಡುವಿನ ಆಳಕ್ಕೆ ಒಳಗಿನಿಂದ ಜೋರಾಗಿ ಒಂದೇಟು. ಆಗ ತಗಡು ಹಿಗ್ಗುತ್ತದೆ. ಹಿಗ್ಗಿದ ತಗಡು ಬೆರಳಿಟ್ಟರೆ ಒಳಗೆ, ಬಿಟ್ಟರೆ ಹೊರಗೆ, ಟಕ್ಕಟಕ್ಕೆಂದು ಆಡುತ್ತದೆ. ಕಾಯಿಸಿ ತಣಿಸಿ ಅದನ್ನು ಕುಗ್ಗಿಸುವುದು ಪಳಗಿದವರ ಕೆಲಸ. ಸುತ್ತಲಿನ ಉಬ್ಬಿದ ಅಂಚಿನಿಂದ ಶುರು ಮಾಡಿ ಸಣ್ಣ ಏಟುಗಳಲ್ಲಿ ನಡುವಿಗೆ ಬನ್ನಿ. ಹಿಂದೆ ಡಾಲಿ, ಮುಂದೆ ಸುತ್ತಿಗೆ. ಡಾಲಿ ಎಂದರೆ ನುಣುಪು ಮುಖದ ಭಾರದ ಕಬ್ಬಿಣದ ಗಟ್ಟಿ. ಕುಡಚಿಯಿಂದ ಘಟಪ್ರಭಾದವರೆಗೆ ರೈಲು ಹಳಿಯ ಅಕ್ಕಪಕ್ಕದ ಊರುಗಳ ಕಮ್ಮಾರಸಾಲೆಗಳಲ್ಲಿ ಹಳಿಯ ತುಂಡೇ ಆ ಕೆಲಸ ಮಾಡುತ್ತದೆ. ಅದು ಎಲ್ಲಿಂದ ಬಂತೆಂದು ಕೇಳುವ ಪದ್ಧತಿ ಇಲ್ಲ. ಏಟಿನ ಸದ್ದು ಬದಲಾಗುವುದನ್ನು ಕಿವಿಗೊಟ್ಟು ಕೇಳಿ, ಅಂಗೈಯನ್ನು ತೆಳು ಬಟ್ಟೆಯ ಮೇಲಿಟ್ಟು ಸವರಿ. ಕಣ್ಣಿಗಿಂತ ಅಂಗೈಗೆ ಏರಿಳಿತ ಬೇಗ ಗೊತ್ತಾಗುತ್ತದೆ.

ಈಗ ಪುಟ್ಟಿ. "ಸಾವಕಾರ್ರ, ಚಿಂತಿ ಮಾಡಬ್ಯಾಡ್ರಿ, ಎಲ್ಲಾ ಪುಟ್ಟಿಯೊಳಗ ಮುಚ್ಚಿ ಹೋಗತೈತಿ" ಎಂಬ ಮಾತು ಕೇಳಿದ ಕೂಡಲೇ ಚಿಂತೆ ಮಾಡಲು ಶುರು ಮಾಡಬೇಕು. ಪುಟ್ಟಿ ಕೆಟ್ಟದ್ದಲ್ಲ. ಕೊಲ್ಲಾಪುರದ ದಸರೆಗೆ ಇವತ್ತಿಗೂ ಹೊರಬರುವ ಛತ್ರಪತಿ ಮನೆತನದ ಮೇಬ್ಯಾಕ್ ಕಾರಿನಂಥವು ತಯಾರಾಗುತ್ತಿದ್ದ ಕಾಲದಲ್ಲಿ ಬಾಡಿಯ ತಗ್ಗುಗಳಿಗೆ ತುಂಬುತ್ತಿದ್ದುದು ಕರಗಿಸಿದ ಸೀಸ. ಅದಕ್ಕೂ ಮೊದಲು ತಗಡಿಗೆ ಕಲಾಯಿ ಹಾಕಬೇಕಿತ್ತು, ಹಿತ್ತಾಳೆ ಪಾತ್ರೆಗೆ ಹಾಕುವಂತೆಯೇ ತವರದ ಕಲಾಯಿ. ಸೀಸ ತಗಡಿಗೆ ಬೆಸೆದುಕೊಳ್ಳುತ್ತಿತ್ತು, ನಡುವೆ ನೀರಿಗೆ ಜಾಗವಿರಲಿಲ್ಲ, ಆದರೆ ಅದರ ಪುಡಿ ಕೆಲಸಗಾರನ ಮೈಸೇರುತ್ತಿತ್ತು. 1950ರ ದಶಕದಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂದ ಮೇಲೆ ಸೀಸ ಹಿಂದೆ ಸರಿಯಿತು. ಈ ಪುಟ್ಟಿ ಅಂಟಿಕೊಳ್ಳುತ್ತದೆ ಅಷ್ಟೇ, ಬೆಸೆದುಕೊಳ್ಳುವುದಿಲ್ಲ. ಅದರ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿವೆ, ಅವು ನೀರು ಹೀರುತ್ತವೆ.

ನಮ್ಮ ಕಡೆಯ ಬಹುತೇಕ ಬಣ್ಣದ ಶೆಡ್ಡುಗಳಲ್ಲಿ ನಡೆಯುವ ದೊಡ್ಡ ಅನರ್ಥ ಇಲ್ಲೇ ಇದೆ. ಪುಟ್ಟಿ ಹಚ್ಚಿ ಒಣಗಿದ ಮೇಲೆ ಬಕೀಟು ನೀರು ತಂದು ವಾಟರ್ ಪೇಪರಿನಿಂದ ಉಜ್ಜುತ್ತಾರೆ. ಧೂಳು ಏಳುವುದಿಲ್ಲ, ಕೈಗೆ ಹಗುರ, ನುಣುಪೂ ಬೇಗ ಬರುತ್ತದೆ. ಆ ನೀರಿನಲ್ಲಿ ಒಂದಿಷ್ಟು ಪುಟ್ಟಿಯೊಳಗೆ ಇಳಿದು ತಗಡಿನ ಪಕ್ಕದಲ್ಲೇ ಕೂರುತ್ತದೆ, ಅದರ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಹೊಡೆದು ಸೀಲ್ ಮಾಡುತ್ತಾರೆ. ಗಿರಾಕಿ ಹಣ ಕೊಟ್ಟು ಖುಷಿಯಿಂದ ಹೋಗುತ್ತಾನೆ. ಮುಂದಿನ ಏಪ್ರಿಲ್ ಬಿಸಿಲಿಗೆ ಗುಳ್ಳೆ ಏಳುತ್ತದೆ, ಆಗ ಬಣ್ಣದ ಕಂಪನಿಗೆ ಬೈಗುಳ. ಪುಟ್ಟಿಯನ್ನು ಒಣಗಿದ್ದಾಗ ಒಣ ಪೇಪರಿನಿಂದಲೇ ಉಜ್ಜಬೇಕು: 80, 120, ಆಮೇಲೆ 220. ಧೂಳಿಗೆ ಮೂಗು ಬಾಯಿ ಮುಚ್ಚಿಕೊಳ್ಳಿ. ವಾಟರ್ ಪೇಪರಿನ ಸರದಿ ಬರುವುದು ಮೇಲೆ ಸರ್ಫೇಸರ್ ಹೊಡೆದು ಅದು ಪೂರ್ತಿ ಒಣಗಿದ ಮೇಲೆ.

ತಗಡನ್ನು ಆದಷ್ಟು ನೇರ ಮಾಡಿ ಪುಟ್ಟಿಯನ್ನು ಎರಡು ಮೂರು ಮಿಲಿಮೀಟರ್ ಒಳಗೆ ಇರಿಸಿ. ಬರಿ ತಗಡಿಗೆ ಮೊದಲು ಎಪಾಕ್ಸಿ ಪ್ರೈಮರ್, ಅದನ್ನು ಉಜ್ಜಿ ಅದರ ಮೇಲೆ ಪುಟ್ಟಿ. ಆಗ ನೀರು ಇಳಿದರೂ ಕಬ್ಬಿಣ ತಲುಪುವುದಿಲ್ಲ. ಹಾರ್ಡ್ನರ್ ತೂಕದಲ್ಲಿ ಶೇಕಡಾ ಎರಡರ ಆಸುಪಾಸು. ದೊಡ್ಡ ಲಿಂಬೆಹಣ್ಣಿನಷ್ಟು ಪುಟ್ಟಿಗೆ ಒಂದೆರಡು ಬಟಾಣಿ ಕಾಳಿನಷ್ಟು. ಅಥಣಿಯ ಬೇಸಿಗೆಯಲ್ಲಿ ಕಲಸಿದ್ದು ಕೈಯಲ್ಲೇ ಕಲ್ಲಾಗುತ್ತದೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಕಲಸಿ. ಬೇಗ ಒಣಗಲೆಂದು ಹಾರ್ಡ್ನರ್ ಜಾಸ್ತಿ ಹಾಕಿದರೆ ಅದು ಮೇಲಿನ ಬಣ್ಣದಲ್ಲಿ ಕಲೆ ಎಬ್ಬಿಸುತ್ತದೆ. ಉಜ್ಜುವಾಗ ಬೆರಳಿನಿಂದ ಪೇಪರ್ ಒತ್ತಬೇಡಿ, ನೇರವಾದ ಮರದ ತುಂಡಿಗೆ ಸುತ್ತಿ ಓರೆಯಾಗಿ ಎರಡೂ ದಿಕ್ಕಿಗೆ ಎಳೆಯಿರಿ. ಬೆರಳು ತಗ್ಗಿನೊಳಗೂ ಇಳಿಯುತ್ತದೆ, ಮರದ ತುಂಡು ಇಳಿಯುವುದಿಲ್ಲ.

ಪ್ರೈಮರ್ ಹೊಡೆದ ಮೇಲೆ ದುಡ್ಡು ಮುಗಿದು, ಅಥವಾ ಕಬ್ಬು ಕಡಿಯುವ ಹಂಗಾಮು ಬಂದು, ಗಾಡಿ ಹಾಗೇ ಹೊರಗೆ ನಿಲ್ಲುವುದುಂಟು. ರೆಡ್ ಆಕ್ಸೈಡ್ ಹೊಡೆದಿದ್ದೇವೆ, ಏನೂ ಆಗುವುದಿಲ್ಲ ಎಂಬ ಧೈರ್ಯ. ಸಾಮಾನ್ಯ ಪ್ರೈಮರ್ ನೀರು ತಡೆಯುವುದಿಲ್ಲ, ಅದರ ಕೆಲಸ ಮೇಲಿನ ಬಣ್ಣಕ್ಕೆ ಹಿಡಿತ ಕೊಡುವುದು. ಒಂದು ಮಳೆಗಾಲ ಪ್ರೈಮರಿನಲ್ಲೇ ನಿಂತ ಗಾಡಿಯನ್ನು ಮತ್ತೆ ತಗಡಿನಿಂದಲೇ ಶುರು ಮಾಡಬೇಕಾಗುತ್ತದೆ. ಒಮ್ಮೆಗೆ ಇಡೀ ಗಾಡಿ ಬಿಚ್ಚುವ ಬದಲು ಒಂದು ಬಾಗಿಲು, ಒಂದು ಮಡ್‌ಗಾರ್ಡ್ ಎಂದು ಪೂರ್ತಿ ಮುಗಿಸುತ್ತ ಹೋಗುವುದು ಜಾಣತನ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡ್ಯೂಕೋ ಎಂದು ನಾವು ಇವತ್ತಿಗೂ ಕರೆಯುವುದು ಡ್ಯುಪಾಂಟ್ ಕಂಪನಿ 1920ರ ದಶಕದಲ್ಲಿ ತಂದ ನೈಟ್ರೋಸೆಲ್ಯುಲೋಸ್ (ಎನ್‌ಸಿ) ಬಣ್ಣದ ಹೆಸರು. ಅದು ಬರುವ ಮುಂಚೆ ಒಂದು ಕಾರಿನ ಬಣ್ಣ ಒಣಗಲು ವಾರಗಳೇ ಬೇಕಾಗುತ್ತಿತ್ತು. ಹಳೆಯ ಎನ್‌ಸಿ ಬಣ್ಣ ಮನೆಯಲ್ಲಿ ಹೊಡೆಯುವವನಿಗೆ ಕ್ಷಮಾಶೀಲ. ತಪ್ಪಿದರೆ ಉಜ್ಜಿ ಮತ್ತೆ ಹೊಡೆಯಬಹುದು. ಈಗಿನ ಹಾರ್ಡ್ನರ್ ಸೇರಿಸುವ ಪಿಯು (ಪಾಲಿಯುರೆಥೇನ್) ಬಣ್ಣ ಗಟ್ಟಿ, ಬಾಳಿಕೆಯದು, ಆದರೆ ಅದರ ಹಾರ್ಡ್ನರಿನಲ್ಲಿ ಐಸೋಸೈನೇಟ್ ಇದೆ. ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಆಜನ್ಮ ದಮ್ಮು ಹಿಡಿಯುವ ಸಂಭವವಿದೆ. ಕರ್ಚೀಫು, ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ. ಕೊನೆಯ ಕೋಟನ್ನು ಸರಿಯಾದ ವ್ಯವಸ್ಥೆ ಇರುವ ಪೇಂಟ್ ಬೂತಿಗೆ ಕೊಡುವುದರಲ್ಲಿ ಯಾವ ಅವಮಾನವೂ ಇಲ್ಲ. ಅಡಿಪಾಯದ ಕೆಲಸವೆಲ್ಲ ನಿಮ್ಮದೇ ತಾ‍ನೆ.

ಹೊತ್ತು ಮಾತ್ರ ಯಾರು ಹೊಡೆದರೂ ನೋಡಲೇಬೇಕು. ನಿಪ್ಪಾಣಿಯ ಮಳೆಗಾಲದಲ್ಲಿ ಎನ್‌ಸಿ ಬಣ್ಣ ಹೊಡೆದರೆ ಬೆಳ್ಳಗೆ ಬೂದಿ ಬಳಿದಂತಾಗುತ್ತದೆ: ತಿನ್ನರ್ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಹಸಿ ಬಣ್ಣದ ಮೇಲೆ ಕೂರುತ್ತದೆ. ಅಥಣಿಯ ಏಪ್ರಿಲ್ ಮಧ್ಯಾಹ್ನ ಗನ್ನಿನಿಂದ ಹೊರಟ ಬಣ್ಣ ತಗಡು ಮುಟ್ಟುವ ಮೊದಲೇ ಒಣಗಿ ಮರಳಿನಂತಾಗುತ್ತದೆ. ಚಳಿಗಾಲ ಒಳ್ಳೆಯದು ಎನ್ನೋಣವೆಂದರೆ ಕಬ್ಬು ಕಡಿದ ಹೊಲಗಳಲ್ಲಿ ರವದಿಗೆ ಬೆಂಕಿ ಇಡುತ್ತಾರೆ, ಕರಿ ಎಳೆಗಳು ಹಾರಿ ಬಂದು ಬಿಳಿ ಮಾರುತಿಯ ಮೇಲೇ ಇಳಿಯುತ್ತವೆ. ಬೆಂಕಿ ಸಾಮಾನ್ಯವಾಗಿ ಹಗಲು ಏರಿದ ಮೇಲೆ. ಹಾಗಾಗಿ ಫೆಬ್ರುವರಿಯ ಬೆಳಿಗ್ಗೆ, ಇಬ್ಬನಿ ಆರಿ ಬಿಸಿಲು ಏರುವ ನಡುವಿನ ಹೊತ್ತು, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದ ಶೆಡ್ಡು. ಇದಕ್ಕಿಂತ ಒಳ್ಳೆಯ ಮುಹೂರ್ತ ನನಗೆ ಗೊತ್ತಿಲ್ಲ.

ಡಬ್ಬ ಕೊಳ್ಳುವ ಮೊದಲು ಕಾಗದ ಪತ್ರ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟಿನ ಅಧಿಸೂಚನೆಯಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ಚಿಕ್ಕೋಡಿಯ ಆರ್‌ಟಿಒದಲ್ಲಿ, ಅಂದರೆ ಕೆಎ-23ರಲ್ಲಿ, ಗಾಡಿ ತಪಾಸಣೆಗೆ ನಿಂತಾಗ ಚಾಸಿ ನಂಬರ್ ಓದಲು ಬರುವಂತಿರಬೇಕು. ಜಂಗು ಕೆರೆಯುವ ಭರದಲ್ಲಿ ಆ ನಂಬರಿನ ಮೇಲೆ ಗ್ರೈಂಡರ್ ಆಡಿಸಿದರೆ, ಇಲ್ಲವೇ ಪುಟ್ಟಿ ಬಳಿದರೆ, ಕಳ್ಳಮಾಲು ಅಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮ ತಲೆಗೆ. ಮಾಸ್ಕಿಂಗ್ ಟೇಪ್ ಹಚ್ಚಿಡಿ. ಬಣ್ಣವೂ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಬದಲಿಸುವುದಾದರೆ ಮೊದಲು ಅಲ್ಲಿ ಹೇಳಿ, ಆಮೇಲೆ ಹೊಡೆಯಿರಿ. ಜೀಪಿನ ಹುಡುಗರಿಗೆ ಇನ್ನೊಂದು ಮಾತು: ಮಿಲಿಟರಿ ಹಸಿರು ಎಷ್ಟೇ ಚೆಂದ ಕಂಡರೂ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗಷ್ಟೇ ಮೀಸಲು.

ಕೆಲಸ ಮುಗಿದ ಮೇಲೆ ತಳಕ್ಕೆ ಸುಟ್ಟ ಎಂಜಿನ್ ಆಯಿಲ್ ಹೊಡೆಯುವವರಿದ್ದಾರೆ. ಅದು ಧೂಳು ಹಿಡಿದು ಕೆಸರಿನ ಪದರವಾಗುತ್ತದೆ, ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ, ಉಳಿದದ್ದು ಹೊಲಕ್ಕೆ ತೊಟ್ಟಿಕ್ಕುತ್ತದೆ. ಟೊಳ್ಳು ಪೆಟ್ಟಿಗೆಗಳೊಳಗೆ ಸಿಂಪಡಿಸುವ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಸ್ವಲ್ಪ ದುಬಾರಿ, ಆದರೆ ಅದನ್ನೇ ಹಾಕಿ. ವೆಲ್ಡಿಂಗ್ ಮಾಡಿದ ಕಡೆ ಒಳಮೈ ಬಣ್ಣ ಸುಟ್ಟಿರುತ್ತದೆ, ಅಲ್ಲಿ ಇದು ಸೇರಲೇಬೇಕು. ಇನ್ನು ಬಾಗಿಲುಗಳು. ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ತಳದ ಸಣ್ಣ ತೂತುಗಳಿಂದ ಹೊರಬೀಳಬೇಕು. ಆ ತೂತುಗಳನ್ನು ಬಣ್ಣದ ಶೆಡ್ಡಿನವರು ಅಂಚು ನುಣುಪಾಗಲೆಂದು ಎಷ್ಟೋ ಸಲ ಪುಟ್ಟಿಯಿಂದಲೇ ಮುಚ್ಚಿರುತ್ತಾರೆ. ಗಾಡಿ ಮನೆಗೆ ತಂದ ದಿನವೇ ಗಾಜು ಇಳಿಸಿ, ಸಂದಿಯೊಳಗೆ ಒಂದು ಚೊಂಬು ನೀರು ಸುರಿದು ಕೆಳಗೆ ನೋಡಿ. ನೀರು ಬರದಿದ್ದರೆ ಬಣ್ಣ ಗೀರಿದರೂ ಸರಿ, ಮೊಳೆ ಹಾಕಿ ತೂತು ಬಿಡಿಸಿ, ಗೀರಿದ ಅಂಚಿಗೆ ಒಂದಿಷ್ಟು ಬಣ್ಣ ಮುಟ್ಟಿಸಿ.